ಆಲದ ಮರಕ್ಕೆ ಪೈನ್ ಮರದ ವೇಷ

ಬೆಂಗಳೂರಲ್ಲಿ ಬೋನ್ಸಾಯ್ ಪ್ರದರ್ಶನಕ್ಕೆ ಹೋದಾಗ ಒಂದು ಆಟ ಆಡಿ ನೋಡಿ. ಮರದ ಮುಂದೆ ಇಟ್ಟಿರೋ ಚೀಟಿ ಓದಬೇಡಿ, ಎಲೆನೂ ನೋಡಬೇಡಿ. ಬರೀ ಆಕಾರ ನೋಡಿ ಇದು ಯಾವ ಮರ ಅಂತ ಹೇಳಿ. ಬಹುತೇಕ ಸೋಲ್ತೀರಿ. ಆಲ, ಅತ್ತಿ, ಹುಣಸೆ, ಬೋಗನ್‌ವಿಲ್ಲಾ ಎಲ್ಲವೂ ಒಂದೇ ಭಂಗಿಯಲ್ಲಿ ನಿಂತಿರ್ತವೆ. ಕಾಂಡ ಎಡಕ್ಕೊಮ್ಮೆ ಬಲಕ್ಕೊಮ್ಮೆ ಬಳುಕಿ ಮೇಲೆ ಹೋಗುತ್ತೆ. ಮೊದಲ ಕೊಂಬೆ ಎತ್ತರದ ಮೂರನೇ ಒಂದು ಭಾಗದಲ್ಲಿ ಒಂದು ಪಕ್ಕಕ್ಕೆ, ಎರಡನೇದು ಎದುರು ಪಕ್ಕಕ್ಕೆ, ಮೂರನೇದು ಹಿಂದಕ್ಕೆ. ಎಲೆಗಳು ಮೋಡದ ತುಂಡುಗಳ ಹಾಗೆ ಪದರ ಪದರ. ದೂರ ನಿಂತು ನೋಡಿದರೆ ತ್ರಿಕೋನ. ಶಾಲೆ ವಾರ್ಷಿಕೋತ್ಸವದಲ್ಲಿ ಎಲ್ಲ ಮಕ್ಕಳಿಗೂ ಒಂದೇ ಬಾಡಿಗೆ ಡ್ರೆಸ್ ಹಾಕಿಸಿ ನಿಲ್ಲಿಸಿದಂಗೆ.

ಈ ಡ್ರೆಸ್ಸಿಗೆ ಜಪಾನಿನಲ್ಲಿ ಮೊಯೋಗಿ ಅಂತ ಹೆಸರು. ಅಲ್ಲಿ ಅದಕ್ಕೊಂದು ಕಾರಣ ಇದೆ. ಬೆಟ್ಟದ ಮೇಲಿನ ಪೈನ್, ಜುನಿಪರ್ ಮರಗಳ ಮೇಲೆ ಪ್ರತಿ ಚಳಿಗಾಲ ಹಿಮ ಕೂತ್ಕೊಳ್ಳುತ್ತೆ. ಆ ಭಾರಕ್ಕೆ ಹಳೇ ಕೊಂಬೆಗಳು ಕೆಳಗೆ ಬಾಗ್ತವೆ. ಸಿಡಿಲು, ಗಾಳಿ ಹೊಡೆದು ಸತ್ತ ಕೊಂಬೆ ಸಿಪ್ಪೆ ಕಳಚಿ ಬೆಳ್ಳಗೆ ಉಳಿಯುತ್ತೆ. ಜುನಿಪರ್ ಮರದ ಕಟ್ಟಿಗೆ ಗಟ್ಟಿ, ರಾಳ ತುಂಬಿರುತ್ತೆ, ಹಾಗಾಗಿ ಎಷ್ಟೋ ವರ್ಷ ಕೊಳೆಯಲ್ಲ. ಸತ್ತ ಕೊಂಬೆಗೆ ಜಿನ್, ಸಿಪ್ಪೆ ಹೋದ ಕಾಂಡದ ಭಾಗಕ್ಕೆ ಶಾರಿ ಅಂತಾರೆ. ಅಂದ್ರೆ ಕುಂಡದಲ್ಲಿರೋ ಒಂದೊಂದು ತಿರುವೂ ಒಂದು ಘಟನೆಯ ದಾಖಲೆ. ಅಲ್ಲಿನ ಗುರುಗಳು ನಿಯಮ ಬರೆಯೋಕೆ ಮುಂಚೆ ಬೆಟ್ಟ ಹತ್ತಿ ಮರ ನೋಡಿದ್ರು. ನಾವು ಬೆಟ್ಟನೂ ಹತ್ತಲಿಲ್ಲ, ನಮ್ಮ ಮರನೂ ನೋಡಲಿಲ್ಲ. ನಿಯಮ ಮಾತ್ರ ಇಳಿಸ್ಕೊಂಡ್ವಿ. ನಮ್ಮ ಕಸುಬಿನ ಭಾಷೆಯಲ್ಲೇ ಹೇಳೋದಾದ್ರೆ, ಬೇರೆಯವರ ಕೋಡನ್ನ ಕಾಮೆಂಟ್ ಸಮೇತ ಕಾಪಿ ಪೇಸ್ಟ್ ಮಾಡಿದಂಗೆ. ರನ್ ಆಗುತ್ತೆ. ಯಾಕೆ ರನ್ ಆಗ್ತಿದೆ ಅಂತ ಕೇಳಿದ್ರೆ ತಂಡದಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಕೈಕೆಲಸದಲ್ಲಿ ಕೊರತೆ ಇದೆ ಅಂತ ನಾನು ಹೇಳ್ತಿಲ್ಲ. ತಂತಿ ಸುತ್ತೋದು ಚಂದದ ಕೆಲಸ. ಕೊಂಬೆಯ ದಪ್ಪದ ಸುಮಾರು ಮೂರನೇ ಒಂದು ಭಾಗದಷ್ಟು ದಪ್ಪದ ಅಲ್ಯೂಮಿನಿಯಂ ತಂತಿ ತಗೊಂಡು, 45 ಡಿಗ್ರಿ ಓರೆಯಲ್ಲಿ, ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಸುತ್ತಬೇಕು. ಬಗ್ಗಿಸಿದಾಗ ಒಳಗೆ ಕಣ್ಣಿಗೆ ಕಾಣದ ಬಿರುಕು ಬೀಳ್ತವೆ. ಮರ ಅವನ್ನ ಮುಚ್ಕೊಳ್ತಾ, ಹೊಸ ಕಟ್ಟಿಗೆ ಸೇರಿಸ್ತಾ ಅದೇ ಆಕಾರದಲ್ಲಿ ಗಟ್ಟಿಯಾಗುತ್ತೆ. ಆಮೇಲೆ ತಂತಿ ತೆಗೀಬಹುದು. ಕುಂಡ ಬದಲಾಯಿಸೋದೂ ಅಷ್ಟೇ ನಾಜೂಕು. ಸುತ್ತಿಕೊಂಡ ಬೇರು ಬಿಡಿಸಿ, ದಪ್ಪ ಬೇರು ಕತ್ತರಿಸಿ, ಸಣ್ಣ ಬೇರು ಉಳಿಸಿ, ನೀರು ನಿಲ್ಲದ ಮಣ್ಣಿನಲ್ಲಿ ಕೂರಿಸಬೇಕು. ಇಷ್ಟನ್ನ ನಮ್ಮೂರಿನ ಹವ್ಯಾಸಿಗಳು ಚೆನ್ನಾಗಿಯೇ ಕಲಿತಿದ್ದಾರೆ. ನನ್ನ ತಕರಾರು ಈ ಕಲಿತ ಕೈ ಏನು ಹೇಳ್ತಿದೆ ಅನ್ನೋದರ ಬಗ್ಗೆ.

ಆಲದ ಜಾತಿಯ ಮರಕ್ಕೆ ಜಿನ್ ಮಾಡಿದ್ದನ್ನ ನೋಡಿದ್ದೀನಿ. ಕೊಂಬೆಯ ಸಿಪ್ಪೆ ಸುಲಿದು, ಸುಣ್ಣ ಗಂಧಕ ಬಳಿದು ಬೆಳ್ಳಗೆ ಮಾಡಿರ್ತಾರೆ. ಆಲದ ಕಟ್ಟಿಗೆ ಮೆದು, ನಾಲ್ಕು ಮಳೆ ಕಂಡ್ರೆ ಕೊಳೆಯುತ್ತೆ. ಊರಲ್ಲಿ ಬೆಳೆದ ಯಾರಿಗಾದ್ರೂ ಇದು ಗೊತ್ತು: ಆಲದ ಕೊಂಬೆ ಸತ್ತರೆ ಬೆಳ್ಳಿ ಥರ ಹೊಳೆಯಲ್ಲ, ಪೊಳ್ಳಾಗಿ ಅದರೊಳಗೆ ಗಿಳಿ ಗೂಡು ಮಾಡುತ್ತೆ. ಬೋನ್ಸಾಯ್‌ನಲ್ಲಿ ಆ ಪೊಟರೆ ಮಾಡಿದ್ರೆ ಅದು ಸತ್ಯ. ಬೆಳ್ಳನೆಯ ಕಡ್ಡಿ ಮಾಡಿದ್ರೆ ಅದು ವೇಷ. ಕ್ಯಾಲೆಂಡರ್ ಕಥೆಯೂ ಇದೇ. ಜಪಾನಿನ ಪುಸ್ತಕದಲ್ಲಿ ತಂತಿ ತಿಂಗಳುಗಟ್ಟಲೆ ಇರಲಿ ಅಂತ ಇರುತ್ತೆ, ಅದು ನಿಧಾನವಾಗಿ ಬೆಳೆಯೋ ಪೈನ್‌ಗೆ ಹೇಳಿದ ಮಾತು. ನಮ್ಮ ಮುಂಗಾರಿನಲ್ಲಿ ಆಲ, ಅತ್ತಿ ಕೆಲವೇ ವಾರದಲ್ಲಿ ಉಬ್ಬಿ ತಂತಿಯನ್ನ ನುಂಗ್ತವೆ, ಆ ಗಾಯದ ಗೆರೆ ವರ್ಷಗಟ್ಟಲೆ ಉಳಿಯುತ್ತೆ. ಮಣ್ಣಿಗೂ ಅಷ್ಟೇ. ಜಪಾನಿನಿಂದ ಬರೋ ಅಕಡಾಮಾ ಅನ್ನೋ ಜೇಡಿ ಹರಳಿಗೆ ದುಡ್ಡು ಸುರಿಯೋರಿದ್ದಾರೆ. ಜರಡಿ ಹಿಡಿದ ಇಟ್ಟಿಗೆ ಚೂರಲ್ಲಿ ಆಲ ಚೆನ್ನಾಗಿ ಬದುಕುತ್ತೆ. ಅದು ಗೋಡೆ ಸಂದಿಯಲ್ಲೇ ಹುಟ್ಟೋ ಮರ ಕಣ್ರೀ!

ಈ ವ್ಯಾಕರಣ ಎಲ್ಲಿ ಸೋಲುತ್ತೆ ಅಂತ ನೋಡಬೇಕಾದ್ರೆ ಮೈಸೂರು ರಸ್ತೆಯಿಂದ ಒಳಗೆ ಹೋಗಿ ರಾಮೋಹಳ್ಳಿ ಹತ್ತಿರದ ದೊಡ್ಡ ಆಲದ ಮರ ನೋಡಿ. ಸುಮಾರು ಮೂರು ಎಕರೆ ಹರಡಿದೆ. ಅದರ ಮೂಲ ಕಾಂಡ ರೋಗ ಬಂದು ಸತ್ತು ಎಷ್ಟೋ ವರ್ಷ ಆಯ್ತು. ಮರ ಮಾತ್ರ ಬಿಳಲುಗಳ ಮೇಲೆ ನಿಂತಿದೆ. ಈಗ ಹೇಳಿ, ಒಂದು ಕಾಂಡ, ಒಂದು ತುದಿ, ಒಂದು ತ್ರಿಕೋನ ಅನ್ನೋ ನಿಯಮಕ್ಕೆ ಈ ಮರ ಹೇಗೆ ಒಗ್ಗುತ್ತೆ? ತುದಿಯೇ ಇಲ್ಲ. ನಡುವೆ ಖಾಲಿ, ಸುತ್ತ ಮಕ್ಕಳು ಮೊಮ್ಮಕ್ಕಳು. ನಮ್ಮ ಕಡೆ ದೊಡ್ಡ ಅವಿಭಕ್ತ ಕುಟುಂಬಗಳು ಹೀಗೇ ಇರ್ತಿದ್ವು, ಹಿರಿಯರು ಹೋದ ಮೇಲೂ ಮನೆ ನಿಂತಿರ್ತಿತ್ತು. ಈ ಆಕಾರವನ್ನ ಕುಂಡದಲ್ಲಿ ತರೋದು ಮೊಯೋಗಿಗಿಂತ ಕಷ್ಟ. ಬಿಳಲು ಬೇಕಾದ್ರೆ ತೇವದ ಗಾಳಿ ಬೇಕು. ಪಾಚಿ ತುಂಬಿದ ಸ್ಟ್ರಾ ಕಟ್ಟಿ ಒಂದೊಂದನ್ನೇ ಮಣ್ಣಿಗೆ ಇಳಿಸಬೇಕು, ಅವು ದಪ್ಪ ಆಗೋವರೆಗೆ ವರ್ಷಗಟ್ಟಲೆ ಕಾಯಬೇಕು. ಕೆಲವರು ಮಾಡ್ತಿದ್ದಾರೆ, ನಿಜ. ಆದರೆ ಜನ ಸೇರೋದು ಬೆಳ್ಳನೆ ಜಿನ್ ಇರೋ ಮರದ ಮುಂದೆ.

ಬೇರೆ ದೇಶದವರೂ ಈ ಕಲೆಯನ್ನ ಸಾಲ ತಗೊಂಡೋರೇ. ಜಪಾನೂ ಚೀನಾದ ಪೆಂಜಿಂಗ್‌ನಿಂದ ಕಲಿತದ್ದೇ. ಅಮೆರಿಕದಲ್ಲಿ ಹುಟ್ಟಿ, ಜಪಾನಿನಲ್ಲಿ ಬೆಳೆದು, ಅಮೆರಿಕಕ್ಕೆ ವಾಪಸ್ ಬಂದ ಜಾನ್ ನಾಕಾ, ಅಮೆರಿಕದವರು ತಮ್ಮ ನೆಲದ ಮರಗಳನ್ನೇ ಬಳಸಬೇಕು ಅಂತ ಒತ್ತಿ ಹೇಳಿದೋರು. ಅವರ ಗೋಶಿನ್ ಅನ್ನೋ ಕೃತಿಯಲ್ಲಿ 11 ಜುನಿಪರ್ ಮರಗಳ ಒಂದು ಪುಟ್ಟ ಕಾಡಿದೆ, ಒಬ್ಬೊಬ್ಬ ಮೊಮ್ಮಗುವಿಗೆ ಒಂದೊಂದು ಮರ. ಅದನ್ನ ನೋಡಿದರೆ ತ್ರಿಕೋನ ನೆನಪಾಗಲ್ಲ, ಕಾಡು ನೆನಪಾಗುತ್ತೆ. ದಕ್ಷಿಣ ಆಫ್ರಿಕಾದ ಚಾರ್ಲ್ಸ್ ಸೆರೋನಿಯೋ ತಮ್ಮ ಬಯಲಿನ ಛತ್ರಿಯಂಥ ಅಕೇಶಿಯಾ, ಹೊಟ್ಟೆ ಉಬ್ಬಿದ ಬಾವೊಬಾಬ್ ಮರಗಳನ್ನ ಪ್ರತ್ಯೇಕ ಶೈಲಿಗಳೆಂದೇ ಬರೆದಿಟ್ಟರು. ಒಂದಕ್ಕೆ ತಮ್ಮ ದೇಶದ ಚಿತ್ರಕಾರ ಪಿಯರ್ನೀಫ್ ಹೆಸರನ್ನೇ ಇಟ್ಟರು. ಚೀನಾದ ದಕ್ಷಿಣದ ಲಿಂಗ್ನಾನ್ ಪಂಥದವರು ತಂತಿಗಿಂತ ಕತ್ತರಿಯನ್ನ ನಂಬೋರು. ಬೆಳೆಯೋಕೆ ಬಿಡು, ಕತ್ತರಿಸು, ಮತ್ತೆ ಬಿಡು. ನಮ್ಮ ಥರದ್ದೇ ಬಿಸಿಲು ಮಳೆಯ ನಾಡು ಅದು, ಅಲ್ಲೂ ಆಲದ ಜಾತಿಯ ಮರಗಳಿವೆ. ನಮಗೆ ಹತ್ತಿರದ ಪಾಠಶಾಲೆ ಅದಾಗಿತ್ತು.

ಸಾಲ ತರೋದು ತಪ್ಪಲ್ಲ. ಗೋಬಿ ಮಂಚೂರಿ ತಿನ್ನೋವಾಗ ನಾವು ಯಾರೂ ಚೀನಾ ಕಡೆ ನೋಡಿ ಸರಿಯಾ ಅಂತ ಕೇಳಲ್ಲ. ಅದನ್ನ ನಮ್ಮ ನಾಲಿಗೆಗೆ ಒಗ್ಗಿಸ್ಕೊಂಡಿದ್ದೀವಿ. ಬೋನ್ಸಾಯ್ ಮಾತ್ರ ಇನ್ನೂ ಪಾಸ್‌ಪೋರ್ಟ್ ಹಿಡ್ಕೊಂಡು ನಿಂತಿದೆ.

ಹಾಗಾದ್ರೆ ನಮ್ಮ ಮರದ ಮೇಲೆ ಬೀಳೋ ಹಿಮ ಯಾವುದು? ಊರಿಗೆ ಹೋದಾಗ ನೋಡಿ. ಜಾಲಿ ಮರದ ಕೆಳಗಿನ ಎಲೆಯೆಲ್ಲ ಮೇಕೆ ತಿಂದು, ಸ್ಕೇಲ್ ಇಟ್ಟು ಗೆರೆ ಎಳೆದಂಗೆ ಇರುತ್ತೆ. ಗೋಣಿ ಮರದ ಒಂದು ಪಕ್ಕ ಎಮ್ಮೆ ಮೈ ಉಜ್ಜಿ ನುಣ್ಣಗಾಗಿರುತ್ತೆ. ಬೇವಿನ ಕೊಂಬೆ ಸೊಪ್ಪಿಗೆ ಅಂತ ಕಡಿದ ಕಡೆ ಗಂಟು ಗಂಟಾಗಿ ಮುಷ್ಟಿ ಕಟ್ಟಿರುತ್ತೆ. ಅರಳಿಕಟ್ಟೆಯಲ್ಲಿ ಅರಳಿ ಬೇವು ಒಂದಕ್ಕೊಂದು ಹೆಣೆದುಕೊಂಡು, ಬೇರು ಕಟ್ಟೆಯ ಕಲ್ಲನ್ನೇ ಎತ್ತಿರುತ್ತೆ. ರಸ್ತೆ ಬದಿಯ ಮರದ ನಡುನೆತ್ತಿಯನ್ನ ಕರೆಂಟು ತಂತಿಗೋಸ್ಕರ ಸೀಳಿ, ಇಂಗ್ಲಿಷಿನ ವಿ ಅಕ್ಷರ ಮಾಡಿರ್ತಾರೆ. ಇವೆಲ್ಲ ನಮ್ಮ ಶೈಲಿಗಳು. ಇವಕ್ಕೆ ಹೆಸರಿಟ್ಟೋರು ಇಲ್ಲ ಅಷ್ಟೆ. ಒಂದು ಪ್ರದರ್ಶನದ ಮೂಲೆಯಲ್ಲಿ ಹುಣಸೆ ಮರ ಒಂದಿತ್ತು. ಒಂದು ಪಕ್ಕದ ಕೊಂಬೆ ಪೂರ್ತಿ ಇಲ್ಲ, ಕೊಡಲಿ ಬಿದ್ದ ಜಾಗ ವಾಸಿಯಾಗಿ ತುಟಿ ಕಟ್ಟಿದೆ, ಉಳಿದ ಪಕ್ಕ ಹೊಲದ ಬದುವಿನ ಕಡೆ ಒರಗಿದಂತೆ ದಟ್ಟವಾಗಿದೆ. ತ್ರಿಕೋನ ಇರಲಿಲ್ಲ, ಬಹುಮಾನದ ರಿಬ್ಬನ್ನೂ ಇರಲಿಲ್ಲ. ಇಡೀ ಹಾಲ್‌ನಲ್ಲಿ ನೆರಳು ಇದೆ ಅನಿಸಿದ್ದು ಅದೊಂದರ ಕೆಳಗೆ.

ಬೋನ್ಸಾಯ್ ಅಂದ್ರೇನೇ ಹಿಂಸೆ ಅನ್ನೋರೂ ಇದ್ದಾರೆ. ನಮ್ಮವ್ವ ಫ್ಲಾಟಿಗೆ ಬಂದಾಗ ಬಾಲ್ಕನಿಯ ಗಿಡ ನೋಡಿ, ‘ಇದ್ಯಾಕಪ್ಪಾ ಇದಕ್ಕೆ ಬೇಡಿ ಹಾಕಿದ್ದೀಯಾ?’ ಅಂದ್ಲು. ಅದೇ ಅವ್ವ ವರ್ಷಕ್ಕೊಮ್ಮೆ ಹಿಪ್ಪುನೇರಳೆಯನ್ನ ಮೊಣಕಾಲೆತ್ತರಕ್ಕೆ ಸವರಿಸ್ತಾಳೆ, ಅದಕ್ಕೆ ಹಿಂಸೆ ಅನ್ನಲ್ಲ. ಸೊಪ್ಪು ಬೇಕು, ಹುಳ ಸಾಕಬೇಕು. ಅವಳ ಪ್ರಶ್ನೆ ಇದ್ದದ್ದು ನೋವಿನ ಬಗ್ಗೆ ಅಲ್ಲ, ಉದ್ದೇಶದ ಬಗ್ಗೆ. ಯಾತಕ್ಕೆ ಅಂತ ಗೊತ್ತಿದ್ದು ಕತ್ತರಿಸಿದರೆ ಅದು ಬೇಸಾಯ. ಚಿತ್ರ ನೋಡ್ಕೊಂಡು ಕತ್ತರಿಸಿದರೆ ಬೇಡಿ.

ಸರಿಯಾಗಿ ಸಾಕಿದ ಮರ ನರಳಲ್ಲ, ನಮಗಿಂತ ಹೆಚ್ಚು ಬಾಳುತ್ತೆ. 1625ರಿಂದ ಪಳಗಿಸಿಕೊಂಡು ಬಂದ ಒಂದು ಬಿಳಿ ಪೈನ್ 1945ರಲ್ಲಿ ಹಿರೋಶಿಮಾದ ಬಾಂಬಿನಿಂದಲೂ ಪಾರಾಯ್ತು. ಯಮಾಕಿ ಕುಟುಂಬ ಅದನ್ನ 1976ರಲ್ಲಿ ಅಮೆರಿಕಕ್ಕೆ ಕಾಣಿಕೆ ಕೊಡ್ತು. ಬಾಂಬ್ ಹಾಕಿದ ದೇಶಕ್ಕೇ! ಬಾಂಬಿನ ಸಂಗತಿ ಅಲ್ಲಿನವರಿಗೆ ತಿಳಿದದ್ದು 2001ರಲ್ಲಿ, ಮೊಮ್ಮಕ್ಕಳು ಮರ ನೋಡೋಕೆ ಹೋದಾಗ. ಇಷ್ಟು ತಲೆಮಾರು ಕೈಯಿಂದ ಕೈಗೆ ದಾಟಬೇಕಾದ್ರೆ, ನೀರು ಹಾಕೋರಿಗೆ ಆ ಮರ ತಮ್ಮದು ಅನಿಸಿರಬೇಕು. ಹನ್ನೊಂದು ತಿಂಗಳ ಬಾಡಿಗೆ ಕರಾರಿನಲ್ಲಿ ಬದುಕೋ ನಾವು, ಆನ್‌ಸೈಟ್ ಹೋಗೋವಾಗ ಮರ ಯಾರ ಕೈಗೆ ಕೊಡೋದು ಅಂತ ಯೋಚಿಸೋರು, ಯಾವ ಮರವನ್ನ ತಮ್ಮದು ಅಂತ ಹಿಡ್ಕೊಳ್ತೀವಿ? ಯಾರದೋ ಬೆಟ್ಟದ ನಕಲನ್ನಂತೂ ಅಲ್ಲ.

ಇದರಲ್ಲಿ ಹವ್ಯಾಸಕ್ಕಿಂತ ದೊಡ್ಡ ಮಾತೂ ಇದೆ. ತಿಮ್ಮಕ್ಕ ಕೊಡದಲ್ಲಿ ನೀರು ಹೊತ್ತು ಬೆಳೆಸಿದ ಹುಲಿಕಲ್–ಕುದೂರು ರಸ್ತೆಯ ಆಲದ ಸಾಲು ಎಲ್ಲರಿಗೂ ಗೊತ್ತು. ಅಂಥ ಹೆಸರಿಲ್ಲದ ಎಷ್ಟೋ ಸಾಲುಗಳು ರಸ್ತೆ ಅಗಲ ಆಗೋವಾಗ ಹೋದವು. ನಗರದಲ್ಲಿ ಹುಟ್ಟಿದ ಮಗು ಆಲವನ್ನ ಮೊದಲ ಸಲ ನೋಡೋದು ಕುಂಡದಲ್ಲೇ ಆಗಿರಬಹುದು. ಅಲ್ಲಿ ಅದು ಹಿಮದ ಭಾರಕ್ಕೆ ಬಾಗಿ ನಿಂತಿದ್ದರೆ, ಆ ಮಗುವಿನ ಮಟ್ಟಿಗೆ ಆಲ ಅಂದ್ರೆ ಅದೇ. ನಾವು ಮರವನ್ನ ಗಿಡ್ಡ ಮಾಡಿದ್ದಷ್ಟೇ ಅಲ್ಲ, ಸುಳ್ಳು ಮಾಡಿದಂಗಾಯ್ತು.

ಹಾಗಾಗಿ ತೀರ್ಪುಗಾರರಲ್ಲಿ ಒಂದು ಕೋರಿಕೆ. ಕೊಂಬೆ ಎಣಿಸೋಕೆ ಮುಂಚೆ ಒಂದು ಪ್ರಶ್ನೆ ಕೇಳಿ: ಈ ಮರ ಎಲ್ಲಿ ನಿಂತಿತ್ತು, ಅದಕ್ಕೆ ಏನಾಯ್ತು? ಬೆಳೆಸೋರಿಗೂ ಒಂದು ಮಾತು. ಮುಂದಿನ ವಾರ ತಂತಿ ಸುರುಳಿ ಬಿಚ್ಚೋ ಮುಂಚೆ ಯಾವುದಾದರೂ ಊರಿನ ಗುಂಡುತೋಪಿಗೆ ಹೋಗಿ ಒಂದು ಗಂಟೆ ಕೂತು ಬನ್ನಿ. ಫೋನಿನಲ್ಲಿ ಫೋಟೋ ಬೇಡ, ಪೆನ್ಸಿಲ್ಲಿನಲ್ಲಿ ಗೆರೆ ಎಳೆಯಿರಿ. ಮೇಕೆ ಎಲ್ಲಿವರೆಗೆ ತಿಂದಿದೆ ಅನ್ನೋದನ್ನೂ ಬರ್ಕೊಳ್ಳಿ.