ಶೀರ್ಷಪದವೇ ಕೀ ಆದಾಗ: ಕನ್ನಡ ಪದಕೋಶಗಳ ದತ್ತಸಂಚಯ ವಿನ್ಯಾಸ ಕುರಿತು

ಕನ್ನಡದ ವಿದ್ಯುನ್ಮಾನ ಪದಕೋಶಗಳನ್ನು ಕಟ್ಟುವಾಗ ಶೀರ್ಷಪದವನ್ನೇ ಪ್ರೈಮರಿ ಕೀ ಆಗಿ ಇಟ್ಟುಕೊಳ್ಳುವ ರೂಢಿಯನ್ನು ಬರಿಯ ತಾಂತ್ರಿಕ ಲೋಪವೆಂದು ಎಣಿಸುವುದು ಸಲ್ಲದೆಂಬುದು ನಮ್ಮ ವಾದ. ಎಡ್ಗರ್ ಕಾಡ್ ಅವರು 1970ರಲ್ಲಿ ಮಂಡಿಸಿದ ರಿಲೇಷನಲ್ ಮಾದರಿಯು ಕೀಯಿಂದ ನಿರೀಕ್ಷಿಸುವುದು ಇಷ್ಟೇ: ಒಂದು ಸಾಲನ್ನು ಉಳಿದೆಲ್ಲವುಗಳಿಂದ ಬೇರ್ಪಡಿಸುವ, ಅನಗತ್ಯ ಅಂಶವಿಲ್ಲದ ಗುರುತು.

'ಹರಿ' ಎಂಬ ರೂಪವನ್ನು ಪರಿಶೀಲಿಸೋಣ. 'ನೀರು ಹರಿಯಿತು' ಎಂಬಲ್ಲಿಯ ಧಾತುವಿನ ಹಳಗನ್ನಡ ರೂಪ 'ಪರಿ'. 'ಬಟ್ಟೆ ಹರಿಯಿತು' ಎಂಬಲ್ಲಿಯದು 'ಪಱಿ'. ಶಕಟರೇಫವು ರೇಫದಲ್ಲಿ ಲೀನವಾಗಿ, ಪಕಾರವು ಹಕಾರವಾದ ಮೇಲೆ ಎರಡೂ ಒಂದೇ ಆಕಾರ ತಳೆದಿವೆ. ವಿಷ್ಣುವಾಚಕವಾದ ಸಂಸ್ಕೃತ ನಾಮಪದ ಬೇರೆಯೇ ಇದೆ. ಶೀರ್ಷಪದವೊಂದೇ ಕೀ ಆದಲ್ಲಿ ಮೂರಕ್ಕೂ ಒಂದೇ ಸಾಲು. ವ್ಯಾಕರಣವರ್ಗವನ್ನು ಕೂಡಿಸಿ ಸಂಯುಕ್ತ ಕೀ ರಚಿಸಿದರೆ ವಿಷ್ಣು ಪಾರಾಗುತ್ತಾನೆ, ಧಾತುಗಳು ಪಾರಾಗವು.

ಹಳಗನ್ನಡ ರೂಪವನ್ನೂ ಕೀಯೊಳಗೆ ಸೇರಿಸಬಹುದಲ್ಲವೆ ಎಂಬ ಆಕ್ಷೇಪ ಸಹಜ. ಆದರೆ ನಿಷ್ಪತ್ತಿಯು ಸಂಶೋಧನೆಯ ಫಲಿತ, ಪರಿಷ್ಕರಣೆಗೆ ಒಳಪಡುವಂಥದು. ತಿದ್ದಬೇಕಾಗಬಹುದಾದುದನ್ನೇ ಗುರುತಾಗಿಸಿದರೆ ಪ್ರತಿ ತಿದ್ದುಪಡಿಯೂ ಅದನ್ನು ಆಧರಿಸಿದ ಉಲ್ಲೇಖಗಳನ್ನು ಕದಲಿಸುತ್ತದೆ. ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಷ್ಪತ್ತಿ ಕೋಶದ 1961ರ ಹಾಗೂ 1984ರ ಆವೃತ್ತಿಗಳಲ್ಲಿ ನಮೂದುಗಳ ಸಂಖ್ಯೆಗಳು ಹೊಂದುವುದಿಲ್ಲ. ಆವೃತ್ತಿಯನ್ನು ಹೇಳದ ಉಲ್ಲೇಖ ಓದುಗರನ್ನು ಬೇರೊಂದು ನಮೂದಿಗೆ ಒಯ್ಯುತ್ತದೆ. ಪ್ರಿನ್ಸ್‌ಟನ್ ವರ್ಡ್‌ನೆಟ್‌ನಲ್ಲಿ ಸಿನ್‌ಸೆಟ್ಟಿನ ಸಂಖ್ಯೆಯು ಕಡತದೊಳಗಿನ ಅದರ ಸ್ಥಾನವೇ ಆಗಿರುವುದರಿಂದ ಅಲ್ಲಿಯೂ ಇದೇ ಪಾಡು.

ನಾರ್ಮಲೈಸೇಷನ್ನಿನ ಇಕ್ಕಟ್ಟು ಇನ್ನೂ ಆಳವಾದುದು. ಲೆಕ್ಸೀಮು ಮತ್ತು ಅರ್ಥಸಂಖ್ಯೆಗಳೆರಡೂ ಸೇರಿ ಕೀ ಆಗಿರುವ ಕೋಷ್ಟಕದಲ್ಲಿ 'ಪಱಿ' ಎಂಬುದು ಪ್ರತಿ ಅರ್ಥದೆದುರೂ ಮರುಕಳಿಸುತ್ತದೆ. ಒಂದೆಡೆ ತಿದ್ದಿ ಇನ್ನೊಂದೆಡೆ ಬಿಟ್ಟರೆ ಕೋಶವು ತನ್ನನ್ನೇ ವಿರೋಧಿಸುತ್ತದೆ. ಎರಡನೆಯ ನಾರ್ಮಲ್ ಫಾರ್ಮಿನಂತೆ ನಿಷ್ಪತ್ತಿಯನ್ನು ಲೆಕ್ಸೀಮಿನ ಕೋಷ್ಟಕಕ್ಕೆ ಸರಿಸಬೇಕು. (ಒಂದೇ ಕೋಣೆಯಲ್ಲಿ ಅಲ್ಪವಿರಾಮಗಳಿಟ್ಟು ತುಂಬಿದ ತಮಿಳು, ತೆಲುಗು ಜ್ಞಾತಿರೂಪಗಳು ಮೊದಲನೆಯದಕ್ಕೇ ಸಲ್ಲವು.) ಸರಿಸುವುದು ಸುಲಭ, ಯಾವ ಅರ್ಥ ಯಾವ ಲೆಕ್ಸೀಮಿಗೆ ಅಧೀನವೆಂದು ತೀರ್ಮಾನಿಸುವವರು ಯಾರು? ನಾನಾರ್ಥವೋ ಸಮರೂಪತೆಯೋ ಎಂಬ ಹಳೆಯ ವಿವಾದವನ್ನು ವಿನ್ಯಾಸಕಾರರು ಸದ್ದಿಲ್ಲದೆ ಇತ್ಯರ್ಥಪಡಿಸಿರುತ್ತಾರೆ. ಮುಂದೆ ಅದೇ ಕೋಶದಿಂದ ಎಣಿಸಿ ತೆಗೆದ ನಾನಾರ್ಥದ ಪ್ರಮಾಣವನ್ನು ನಾವು ಭಾಷೆಯ ಗುಣವೆಂದು ಉಲ್ಲೇಖಿಸುತ್ತೇವೆ.

ಅರ್ಥವಿಲ್ಲದ ಕ್ರಮಸಂಖ್ಯೆಯನ್ನು ಕೀ ಮಾಡುವುದನ್ನು ನಾವು ಸಮರ್ಥಿಸುತ್ತೇವೆ, ಆದರೆ ಷರತ್ತಿನೊಡನೆ. ಒಂದೇ ಲೆಕ್ಸೀಮು ಎರಡು ಬಾರಿ ದಾಖಲಾಗುವುದನ್ನು ಅಂತಹ ಸಂಖ್ಯೆ ತಾನಾಗಿ ತಡೆಯಲಾರದು. ಆದುದರಿಂದ ಪ್ರತಿ ಬೇರ್ಪಡಿಕೆ ಮತ್ತು ವಿಲೀನದ ಕಾರಣ, ದಿನಾಂಕ, ಹೊಣೆ ಹೊತ್ತವರ ಹೆಸರು ಪ್ರತ್ಯೇಕ ಕೋಷ್ಟಕದಲ್ಲಿ ಉಳಿಯಬೇಕು. ರದ್ದಾದ ಸಂಖ್ಯೆಯನ್ನು ಮತ್ತೊಂದು ಪದಕ್ಕೆ ಕೊಡಕೂಡದು.