ಅಂಚಿನ 36 ಗುಳಿಗಳು

ಪಡ್ಡು ಹುಯ್ದವರಿಗೆ ಇದು ಗೊತ್ತು. ಅದೇ ಹಿಟ್ಟು, ಅದೇ ಕಾವಲಿ. ಆದರೂ ನಡುವಿನ ಗುಳಿಯದು ಸೀಯುವ ಹೊತ್ತಿಗೆ ಅಂಚಿನದು ಇನ್ನೂ ಬಿಳಿಚಿಕೊಂಡೇ ಇರುತ್ತದೆ. ಅಡುಗೆಮನೆಯಲ್ಲಾದರೆ ಅದನ್ನೆತ್ತಿ ನಡುವಿಗೆ ಹಾಕಿ ಸರಿಮಾಡಬಹುದು. ಲ್ಯಾಬಿನಲ್ಲಿ 96 ಗುಳಿಗಳ ಪ್ಲಾಸ್ಟಿಕ್ ಪ್ಲೇಟಿನಲ್ಲಿ ಜೀವಕೋಶ ಬೆಳೆಸುವ ನಮಗೆ ಆ ಅನುಕೂಲ ಇಲ್ಲ. ಹಾಕಿದ ಗುಳಿಯಲ್ಲೇ ಅವು ಎರಡು ಮೂರು ದಿನ ಬಾಳಬೇಕು.

ಈ ಪ್ಲೇಟು ಹುಟ್ಟಿದ್ದು ಬಡತನದಲ್ಲಿ. ಹಂಗೆರಿಯಲ್ಲಿ ಫ್ಲೂ ಪರೀಕ್ಷೆಗೆ ಸಲಕರಣೆ ಸಾಲದೆ, 1951ರಲ್ಲಿ ಗ್ಯುಲಾ ತಕಾತ್ಸಿ ಎಂಬ ವೈದ್ಯ ಅಕ್ರಿಲಿಕ್ ಹಲಗೆಯಲ್ಲಿ 6 ಸಾಲು, ಸಾಲಿಗೆ 12ರಂತೆ ಗುಳಿ ಕೊರೆಸಿದ. ಇನ್ನೆರಡು ಸಾಲು ಸೇರಿ 96 ಆದದ್ದು ಆಮೇಲೆ. ಅದೇ ವರ್ಷ ಅಮೆರಿಕದ ಬಾಲ್ಟಿಮೋರಿನಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬಾಕೆಯ ಗೆಡ್ಡೆಯಿಂದ, ಆಕೆಯನ್ನು ಕೇಳದೆಯೇ, ತೆಗೆದ ಕೋಶಗಳು ಸಾಯದೆ ಬೆಳೆಯತೊಡಗಿದವು. ಹೀಲಾ ಎಂದರೆ ಅವೇ. ಹಂಗೆರಿಯ ಹಲಗೆ, ಬಾಲ್ಟಿಮೋರಿನ ಕೋಶ ಎರಡೂ ಇವತ್ತು ನನ್ನ ಹುಡ್‌ನಲ್ಲಿ ಜೊತೆಗಿವೆ.

ಗುಳಿ 6 ಇರಲಿ, 24 ಇರಲಿ, 1536 ಇರಲಿ, ಪ್ಲೇಟಿನ ಅಳತೆ ಮಾತ್ರ ಒಂದೇ: ಸುಮಾರು 128 ಮಿ.ಮೀ. ಉದ್ದ, 85 ಮಿ.ಮೀ. ಅಗಲ. ಯಂತ್ರಗಳಿಗೆ ಅದೇ ಬೇಕು. ನನಗೆ 96ರದ್ದೇ ಇಷ್ಟ, ಕಾಡುವುದೂ ಅದೇ.

ಅದರ ಒಂದು ಗುಳಿಗೆ ನಾವು ಹಾಕುವ ಮೀಡಿಯ, ಅಂದರೆ ಕೋಶಗಳ ಆಹಾರದ ದ್ರವ, 100 ಮೈಕ್ರೋಲೀಟರ್, ಬರೀ ಎರಡು ಹನಿ. 37 ಡಿಗ್ರಿಯ ಇನ್‌ಕ್ಯುಬೇಟರಿನಲ್ಲಿ ಮುಚ್ಚಳದ ಸಂದಿಯಿಂದ ಮೊದಲು ಆರುವುದು ಸುತ್ತಲಿನ 36 ಗುಳಿಗಳು. ಹತ್ತು ಮೈಕ್ರೋಲೀಟರ್ ಹೋದರೂ ಸಾಕು, ಕುದ್ದು ಬತ್ತಿದ ಸಾರಿನಂತೆ ಉಪ್ಪು ಏರುತ್ತದೆ. ಕೋಶ ಮುದುಡುತ್ತದೆ.

ಇದನ್ನು ನಾನು ಕಲಿತದ್ದು ನಗೆಪಾಟಲಾಗಿ. ಪಿಎಚ್‌ಡಿಯ ಮೊದಲ ವರ್ಷ, ಒಂದು ಔಷಧಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆಯೇ ಎಂದು ನೋಡಬೇಕಿತ್ತು. ಔಷಧಿ ಹಾಕದ ಕಂಟ್ರೋಲ್ ಗುಳಿಗಳನ್ನು ಮೊದಲ ಕಾಲಮ್ಮಿನಲ್ಲಿಟ್ಟೆ. ನೋಟ್‌ಬುಕ್ಕಿನಲ್ಲಿ ಚೆಂದ ಕಾಣುತ್ತಿತ್ತು. ಎಂಟಿಟಿ ಎಂಬ ಬಣ್ಣ ಹಾಕಿ ಓದಿದರೆ, ಬದುಕಿದ ಕೋಶ ಹಳದಿಯನ್ನು ನೇರಳೆ ಮಾಡುತ್ತದಲ್ಲ, ಔಷಧಿ ಹಾಕಿದ ಗುಳಿಗಳೇ ಹೆಚ್ಚು ನೇರಳೆ! ವಿಷವಾಗಬೇಕಾದದ್ದು ಗೊಬ್ಬರವಾಗಿದೆ. ಹಿಗ್ಗಿನಿಂದ ಗೈಡ್ ಮೇಡಂ ಮುಂದೆ ಇಟ್ಟೆ. ಅವರು ಗ್ರಾಫ್ ಕಡೆ ನೋಡಲೂ ಇಲ್ಲ.

“ಕಂಟ್ರೋಲ್ ಎಲ್ಲಿಟ್ಟಿದ್ದೆ?”

“ಒಂದನೇ ಕಾಲಮ್, ಮೇಡಂ.”

“ನಿನ್ನ ಔಷಧಿ ಏನೂ ಮಾಡಿಲ್ಲ ಕಣಪ್ಪ. ನಿನ್ನ ಕಂಟ್ರೋಲ್ ಒಣಗಿದೆ.”

ಅಂದಿನಿಂದ ಅಂಚಿನ ಗುಳಿಗಳಿಗೆ ನಾನು ಬರೀ ಸ್ಟೆರೈಲ್ ನೀರು ಹಾಕುತ್ತೇನೆ. ಕೋಟೆಯ ಸುತ್ತ ಕಂದಕ ಇದ್ದ ಹಾಗೆ. ಪ್ರಯೋಗಕ್ಕೆ ಉಳಿಯುವುದು ಒಳಗಿನ 60. ಹೊಸ ಹುಡುಗರಿಗೆ ಹೊಟ್ಟೆ ಉರಿಯುತ್ತದೆ, “36 ವೇಸ್ಟ್ ಅಲ್ವಾ ಸರ್?” ಎಂದು. ನನ್ನ ಮಟ್ಟಿಗೆ, 96ನ್ನೂ ತುಂಬಿದ ಪ್ಲೇಟಿನ ಫಲಿತಾಂಶವನ್ನು ನಾನು ಅನುಮಾನದಿಂದಲೇ ಓದುತ್ತೇನೆ.

ಕೋಶ ಹಾಕಿದ ಮೇಲೆ ಪ್ಲೇಟನ್ನು ಗರಗರ ತಿರುಗಿಸುವುದು ಇನ್ನೊಂದು ಪಾಪ. ಮೈಕ್ರೋಸ್ಕೋಪಿನಡಿ ಇಟ್ಟು ನೋಡಿ: ಕದಡಿದ ಲೋಟದಲ್ಲಿ ಟೀ ಸೊಪ್ಪು ನಡುವೆ ಗುಡ್ಡೆಯಾದಂತೆ ಕೋಶಗಳೆಲ್ಲ ನಡುವೆ ಒತ್ತೊತ್ತಾಗಿ ಕೂತಿರುತ್ತವೆ, ಸುತ್ತ ಬಟ್ಟ ಬಯಲು. ಮೇಜಿನ ಮೇಲಿಟ್ಟು ಮೆಲ್ಲಗೆ ಹಿಂದೆ ಮುಂದೆ, ಆಮೇಲೆ ಎಡ ಬಲ ಸರಿಸಬೇಕು, ಜರಡಿ ಆಡಿಸುವವರ ಕೈಯಂತೆ. ತಕ್ಷಣ ಇನ್‌ಕ್ಯುಬೇಟರಿಗೆ ತುರುಕಲೂ ಬಾರದು. ತಣ್ಣಗಿನ ಪ್ಲೇಟಿಗೆ ಬಿಸಿ ತಾಗಿದರೆ ಮೀಡಿಯದೊಳಗೆ ಸುಳಿ ಎದ್ದು ಕೋಶಗಳನ್ನು ಗೋಡೆಗೆ ದೂಡುತ್ತದೆ. ಅರ್ಧ, ಮುಕ್ಕಾಲು ಗಂಟೆ ಬೆಂಚಿನ ಮೇಲೆ ಅಲುಗಿಸದೆ ಬಿಟ್ಟರೆ ಅವು ತಾವಾಗಿ ಇಳಿದು ತಳ ಹಿಡಿಯುತ್ತವೆ.

ಈ ಹೊತ್ತಿನಲ್ಲಿ ಮಾಡಲು ಬೇರೆ ಕೆಲಸ ಇರುವುದಿಲ್ಲ. ಈ ವಾರದ ಅಂಕಣ ಬರೆದದ್ದೂ ಹಾಗೆಯೇ. ಟೈಮರ್ ಇನ್ನೂ ಎಂಟು ನಿಮಿಷ ತೋರಿಸುತ್ತಿದೆ.