ಕೇಳದೆ ಬಿಟ್ಟ ಪ್ರಶ್ನೆ

ಮದುವೆಯಾಗಿ ಎರಡು ವರ್ಷ ಕಳೆದರೆ ಸಾಕು, ‘ಏನಮ್ಮಾ, ಏನಾದರೂ ವಿಶೇಷವೇ?’ ಎಂದು ವಿಚಾರಿಸದ ಬಾಯಿಲ್ಲ. ಅರಿಶಿನ ಕುಂಕುಮಕ್ಕೆ ಹೋದಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಮದುವೆ ಮನೆಯಲ್ಲಿ ಈ ಪ್ರಶ್ನೆ ಹೆಂಗಸರ ಬೆನ್ನು ಬಿಡುವುದಿಲ್ಲ. ಮಕ್ಕಳು ಬೇಡವೆಂದು ತೀರ್ಮಾನಿಸಿದವಳಿಗಂತೂ ಸಮಜಾಯಿಷಿ ಕೊಟ್ಟೂ ಕೊಟ್ಟೂ ಸಾಕಾಗುತ್ತದೆ. ಅದೇ ಬೀದಿಯಲ್ಲಿ, ನಾವು ‘ಬುದ್ಧಿಮಾಂದ್ಯೆ’ ಎಂದು ಕರೆಯುತ್ತಾ ಬಂದ ಮೂವತ್ತರ ಹೆಣ್ಣೊಬ್ಬಳಿದ್ದರೆ ಅವಳನ್ನು ಮಾತ್ರ ಯಾರೂ ಹೀಗೆ ಕೇಳುವುದಿಲ್ಲ. ತಲೆ ಸವರಿ, ‘ಊಟ ಆಯ್ತಾ ಪುಟ್ಟಿ?’ ಎನ್ನುತ್ತಾರೆ. ಅವಳಿಗೆ ಮಕ್ಕಳಿಲ್ಲದಿರುವುದು ಅವಳ ತೀರ್ಮಾನವೂ ಆಗಿರಬಹುದೆಂಬುದು ನಮಗೆ ಹೊಳೆಯುವುದೇ ಇಲ್ಲ.

ಸಿನಿಮಾದವರಿಗಾದರೂ ಹೊಳೆದಿದೆಯೇ ಎಂದು ಯೋಚಿಸಿದಾಗ ನನಗೆ ನೆನಪಾಗುವುದು ಎರಡು ಚಿತ್ರಗಳು. ಒಂದು, 2001ರ ಅಮೆರಿಕದ ‘ಐ ಆಮ್ ಸ್ಯಾಮ್’. ಇನ್ನೊಂದು, 2011ರ ತಮಿಳಿನ ‘ದೈವ ತಿರುಮಗಳ್’. ಅದರಲ್ಲಿ ಶಾನ್ ಪೆನ್, ಇದರಲ್ಲಿ ವಿಕ್ರಮ್. ಇಬ್ಬರದೂ ಬೌದ್ಧಿಕ ವೈಕಲ್ಯವಿರುವ ತಂದೆಯ ಪಾತ್ರ. ಒಂದರಲ್ಲಿ ತಾಯಿ ಬಿಟ್ಟುಹೋಗುತ್ತಾಳೆ, ಇನ್ನೊಂದರಲ್ಲಿ ತೀರಿಕೊಳ್ಳುತ್ತಾಳೆ. ಮಗುವನ್ನು ಅಲ್ಲಿ ಸರ್ಕಾರ ಒಯ್ಯುತ್ತದೆ, ಇಲ್ಲಿ ತಾಯಿಯ ಮನೆಯವರು ಒಯ್ಯುತ್ತಾರೆ. ಎರಡರಲ್ಲೂ ವಕೀಲೆಯೊಬ್ಬಳು ಅವನ ಪರ ನಿಲ್ಲುತ್ತಾಳೆ.

ಇಂಥವನೂ ಪ್ರೀತಿಯಿಂದ ಮಗುವನ್ನು ಸಾಕಬಲ್ಲ ಎಂದು ತೋರಿಸಿದ್ದು ಸಣ್ಣ ಮಾತಲ್ಲ. ನನ್ನ ತಕರಾರು ಬೇರೆ. ಸ್ಯಾಮ್ ಕಾಫಿ ಅಂಗಡಿಯಲ್ಲಿ ದುಡಿಯುತ್ತಾನೆ, ತನ್ನದೇ ಮನೆಯಲ್ಲಿರುತ್ತಾನೆ, ಅವನಿಗೆ ಜೀವಕ್ಕೆ ಜೀವ ಕೊಡುವ ಗೆಳೆಯರಿದ್ದಾರೆ. ಇದೆಲ್ಲ ದೊಡ್ಡವನ ಬದುಕು ಅಲ್ಲವೇ? ಚಿತ್ರಕ್ಕೆ ಇದು ಸಾಲುವುದಿಲ್ಲ. ಮಗಳನ್ನು ಸಾಕಬಲ್ಲನೋ ಇಲ್ಲವೋ ಎಂಬ ಒಂದೇ ತಕ್ಕಡಿಯಲ್ಲಿ ಅವನನ್ನು ತೂಗುತ್ತದೆ. ಮಗುವಿಲ್ಲದ ಸ್ಯಾಮ್‌ನ ಕಥೆಯನ್ನು ಯಾರಾದರೂ ಚಿತ್ರ ಮಾಡುತ್ತಿದ್ದರೇ ಎಂಬುದು ನನ್ನ ಅನುಮಾನ.

ತಮಿಳು ಚಿತ್ರದ ಕೊನೆಯಲ್ಲಿ ಕೃಷ್ಣನಿಗೆ ಮಗಳು ಸಿಗುತ್ತಾಳೆ. ಅವಳ ಭವಿಷ್ಯವನ್ನು ನೆನೆದು ಅವನೇ ಅವಳನ್ನು ಚಿಕ್ಕಮ್ಮನ ಕೈಗೆ ಒಪ್ಪಿಸಿಬಿಡುತ್ತಾನೆ. ಇಡೀ ಚಿತ್ರದಲ್ಲಿ ಅವನು ದೊಡ್ಡವನಾಗಿ ಕಾಣುವ ಗಳಿಗೆ ಇದು. ‘ಮಗಳ ಮೇಲೆ ಪ್ರೀತಿಯಿದೆ, ಸಾಕುವ ಹೊಣೆ ಬೇಡ’ ಎಂಬ ನಿರ್ಧಾರ ಅವನದೇ. ಚಿತ್ರ ಮಾತ್ರ ಇದನ್ನು ಮುಗ್ಧನ ತ್ಯಾಗವೆಂದು ತೋರಿಸಿ ನಮ್ಮ ಕಣ್ಣು ಒದ್ದೆ ಮಾಡಿಸುತ್ತದೆ. ಅವನು ಯೋಚಿಸಿದ್ದಾನೆ ಎಂದು ಒಪ್ಪಿಕೊಳ್ಳಲು ಯಾಕಿಷ್ಟು ಕಷ್ಟವೋ!

ಇನ್ನೊಂದು ಮಾತು. ಎರಡೂ ಕಡೆ ಇರುವುದು ಗಂಡಸು. ಆ ಜಾಗದಲ್ಲಿ ಹೆಣ್ಣಿದ್ದರೆ ಕಥೆ ಬಸಿರಿನ ಹಂತವನ್ನೇ ದಾಟುತ್ತಿರಲಿಲ್ಲವೇನೋ. ನಿಜಜೀವನದಲ್ಲಿ ನಡೆದದ್ದನ್ನು ನೋಡಿ. 1994ರಲ್ಲಿ ಮಹಾರಾಷ್ಟ್ರದ ಶಿರೂರಿನ ಸರ್ಕಾರಿ ವಸತಿಗೃಹದ ಹೆಣ್ಣುಮಕ್ಕಳನ್ನು ಪುಣೆಗೆ ಕರೆದೊಯ್ದು ಗರ್ಭಕೋಶವನ್ನೇ ತೆಗೆಸಿದರು. ಮುಟ್ಟಿನ ದಿನಗಳಲ್ಲಿ ಶುಚಿಯಾಗಿಡುವುದು ಕಷ್ಟ ಎಂಬುದೇ ಕೊಟ್ಟ ಕಾರಣ. ಮಹಿಳಾ ಸಂಘಟನೆಗಳು ಬೀದಿಗಿಳಿದ ಮೇಲಷ್ಟೇ ಅದು ನಿಂತಿತು. 2009ರಲ್ಲಿ ಚಂಡೀಗಢದ ಸರ್ಕಾರಿ ಆಶ್ರಯಧಾಮವೊಂದರಲ್ಲಿದ್ದ ಹುಡುಗಿ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾದಾಗ ಹೈಕೋರ್ಟು ಗರ್ಭಪಾತಕ್ಕೆ ಆದೇಶಿಸಿತು. ಮಗು ಬೇಕೆಂದು ಅವಳು ಹೇಳಿದ್ದಳು. ಸುಪ್ರೀಂ ಕೋರ್ಟು ಅವಳ ಮಾತಿಗೆ ಬೆಲೆ ಕೊಟ್ಟಿತು. ಹೆರುವುದೂ ಹೆರದಿರುವುದೂ ಹೆಣ್ಣಿನ ವೈಯಕ್ತಿಕ ಸ್ವಾತಂತ್ರ್ಯಕ್ಕೆ ಸೇರಿದ್ದು ಎಂದಿತು.

ಹೆರದಿರುವುದೂ ಹಕ್ಕು ಎಂಬ ಆ ಮಾತೇ ನನ್ನನ್ನು ಕಾಡುವುದು. ಶಿರೂರಿನ ಹೆಣ್ಣುಮಕ್ಕಳಿಗೂ ಮಕ್ಕಳಾಗಲಿಲ್ಲ. ಆ ‘ಬೇಡ’ ಅವರದಾಗಿರಲಿಲ್ಲ, ಅಷ್ಟೇ. ‘ಬೇಕು’ ಎನ್ನುವ ದಾರಿ ತೆರೆದಿದ್ದಾಗ ಮಾತ್ರ ‘ಬೇಡ’ ಎಂಬುದು ಒಬ್ಬಳ ಸ್ವಂತ ಮಾತಾಗುತ್ತದೆ. ವಿಕಲಚೇತನರ ಹಕ್ಕುಗಳ 2016ರ ಕಾಯ್ದೆ, ತಿಳಿದು ಕೊಟ್ಟ ಒಪ್ಪಿಗೆಯಿಲ್ಲದೆ ಯಾರನ್ನೂ ಬಂಜೆ ಮಾಡುವ ಚಿಕಿತ್ಸೆ ಕೂಡದು ಎನ್ನುತ್ತದೆ. ಸಂತಾನ ಮತ್ತು ಕುಟುಂಬ ಯೋಜನೆಯ ತಿಳಿವಳಿಕೆ ಅವರಿಗೂ ಸಿಗಬೇಕು ಎನ್ನುತ್ತದೆ. ತಿಳಿಸುವುದೆಂದರೆ ಸಹಿ ಹಾಕಿಸಿಕೊಳ್ಳುವುದಲ್ಲ. ಮಗು ಹೇಗೆ ಹುಟ್ಟುತ್ತದೆ, ರಾತ್ರಿಯೆಲ್ಲ ಅತ್ತರೆ ಏನು ಮಾಡಬೇಕು, ಯಾರು ಜೊತೆಗಿರುತ್ತಾರೆ, ಬೇಡವೆಂದರೆ ಏನು ದಾರಿ ಎಂದು ಚಿತ್ರ ತೋರಿಸಿ, ಸರಳ ಮಾತಿನಲ್ಲಿ, ಒಂದು ಸಲಕ್ಕೆ ಅರ್ಥವಾಗದಿದ್ದರೆ ನಾಲ್ಕು ಸಲ ಹೇಳಬೇಕು. ಆಮೇಲೆ ಬಾಯಿ ಮುಚ್ಚಿ ಅವಳ ಉತ್ತರಕ್ಕೆ ಕಾಯಬೇಕು.

ಹೆತ್ತವರ ದಿಗಿಲನ್ನು ನಾನು ಹಗುರವಾಗಿ ಕಾಣುತ್ತಿಲ್ಲ. ‘ನಾವು ಹೋದ ಮೇಲೆ ಇವಳಿಗ್ಯಾರು?’ ಎಂದು ಕೊರಗುವ ತಾಯಿ ಮೊಮ್ಮಗುವಿನ ಮಾತೆತ್ತಿದರೆ ಬೆಚ್ಚುವುದು ಸಹಜ. ಆದರೆ ಅವಳ ಭಯ ಮಗಳ ಉತ್ತರವಾಗಲಾರದು.

ನಾನು ನೋಡಬಯಸುವ ಸಿನಿಮಾ ಚಿಕ್ಕದು. ಇಂಥ ಇಬ್ಬರು ಮದುವೆಯಾಗಿದ್ದಾರೆ. ಕೆಲಸಕ್ಕೆ ಹೋಗುತ್ತಾರೆ, ಬಾಡಿಗೆ ಕಟ್ಟುತ್ತಾರೆ, ಸಾರಿಗೆ ಉಪ್ಪು ಹೆಚ್ಚಾಯಿತೆಂದು ಜಗಳವಾಡುತ್ತಾರೆ. ಒಂದು ಸಂಜೆ ಕೂತು ಮಾತಾಡಿ, ನಮಗೆ ಮಗು ಬೇಡ ಎಂದುಕೊಳ್ಳುತ್ತಾರೆ. ಯಾರೂ ಅಳುವುದಿಲ್ಲ, ಯಾರೂ ಅವರನ್ನು ದೇವರು ಮಾಡುವುದಿಲ್ಲ. ಮರುದಿನ ಅವಳು ಬೆಳಗಿನ ಬಸ್ಸು ಹಿಡಿದು ಕೆಲಸಕ್ಕೆ ಹೋಗುತ್ತಾಳೆ.